ಗಾದಿಯಿಂದ ಕಂಡ ಮಂಟಪ

ಇದ್ದದ್ದನ್ನು ಇಲ್ಲವೆಂದು ತೋರಿಸುವವರು ಆದವಾನಿಯ ಹತ್ತಿ ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದರು. ಇಲ್ಲದ್ದನ್ನು ಇದೆಯೆಂದು ತೋರಿಸಬಲ್ಲವನು ನನ್ನ ಅಕ್ಕನ ಗಂಡ ಒಬ್ಬನೇ. ನಾಟಕ ಕಂಪನಿಗಳಿಗೆ ಪರದೆ ಬರೆದು ಪಳಗಿದ ಕೈ. ಭಾವ ಬರಿಗೋಡೆಗೆ ಬಾಗಿಲು ಬರೆದರೆ ನಾಯಿ ಒಳಗೆ ನುಗ್ಗಲು ನೋಡುತ್ತಿತ್ತು.

ನಾನು ಹತ್ತಿಯ ಅಂಡಿಗೆ ಹೊತ್ತು ಪೇಟೆ ಸೇರಿದವನು, ಅಷ್ಟರಲ್ಲಿ ದಲಾಲಿಯಾಗಿದ್ದೆ. ಯುದ್ಧ ಶುರುವಾಗುವ ಮೊದಲಿನ ಮಾತು. ನಾನು ನೆಚ್ಚಿಕೊಂಡಿದ್ದ ಹತ್ತಿ ಸಾಹುಕಾರರು ಎತ್ತರದ ಜಗಲಿಯಲ್ಲಿ ಗಾದಿ ಹಾಕಿ ಕೂರುತ್ತಿದ್ದ ಅಂಗಡಿಯ ಎದುರು, ರಸ್ತೆಯಾಚೆ ಓರೆಯಾಗಿ ಚಾಚಿಕೊಂಡು, ಅವರದೇ ಗೋದಾಮಿನ ಬೋಳು ಗೋಡೆ ಇತ್ತು. ಅಲ್ಲಿ ಕಂಬಸಾಲಿನ ಮಂಟಪ ಬರೆಸಿದರೆ ಪೇಟೆಗೇ ಶೋಭೆ ಎಂದು ಅವರ ತಲೆಯಲ್ಲಿ ಬಿತ್ತಿದವನು ನಾನೇ. ಭಾವನ ಆಸೆ ಬೇರೆ ಇತ್ತು. ಎಮ್ಮಿಗನೂರಿನ ನೂಲಿನ ಸಾಹುಕಾರರೊಬ್ಬರು ನಾಟಕದ ಥಿಯೇಟರು ಕಟ್ಟಿಸುತ್ತಿದ್ದರು. ಈ ಗೋಡೆ ಅವರಿಗೆ ಒಪ್ಪಿಗೆಯಾದರೆ ಅಲ್ಲಿಯ ಗೋಡೆ, ಪರದೆಗಳೆಲ್ಲ ಅವನ ಕೈಗೆ. ಕಂಪನಿಗಳ ಹಿಂದೆ ಊರೂರು ಅಲೆಯುವುದು ತಪ್ಪುತ್ತಿತ್ತು.

ಅವನು ಮೊದಲೇ ಹೇಳಿದ್ದ: “ಇಂಥ ಚಿತ್ರಕ್ಕ ನೋಡೋ ಜಾಗ ಒಂದ ಇರ್ತೈತಪಾ. ಅಲ್ಲಿ ನಿಂತ್ರ ಮಂಟಪ, ಬ್ಯಾರೆ ಕಡೆ ನಿಂತ್ರ ಸೊಟ್ಟ ಗೀಟು. ಗಾಡಿ ನಿಲ್ಲೋ ಅರವಟ್ಟಿಗಿ ಮುಂದ ಆ ಜಾಗ ಇಡೋಣು. ಮಂದಿ ಎಲ್ಲಾ ಅಲ್ಲೇ ನಿಲ್ತಾರ.”

ನಮ್ಮ ಪೇಟೆಯ ವ್ಯಾಪಾರವೆಲ್ಲ ವಲ್ಲಿಯ ಕೆಳಗೆ. ಇಬ್ಬರ ಕೈಗಳ ಮೇಲೆ ಹೆಗಲಿನ ವಲ್ಲಿ ಹಾಸಿ, ಒಳಗೆ ಬೆರಳು ಹಿಡಿದು ದರ ತಿಳಿಸುವುದು. ಪಕ್ಕದವನು ಕೇಳುವಂತಿಲ್ಲ, ವಲ್ಲಿ ತೆಗೆದ ಮೇಲೆ ಮಾತು ತಿರುಗಿಸುವಂತಿಲ್ಲ. ಚಿತ್ರದ ಕೂಲಿಯನ್ನೂ ನಾನು ಹಾಗೆಯೇ ಕುದುರಿಸುತ್ತಿದ್ದೆ. ಸಾಹುಕಾರರು ಬೆರಳು ಮಡಚಿ ಹಿಂದೆ ಸರಿಯುತ್ತಿದ್ದಾರೆ, ಪಕ್ಕದಲ್ಲೇ ಭಾವ ಕೂತಿದ್ದಾನೆ. ನಾನು ಬಗ್ಗಿ ಅವರ ಕಿವಿಯಲ್ಲಿ ಉಸುರಿದೆ: “ನೀವು ಗಾದಿ ಮ್ಯಾಗ ಕುಂತ್ರ ಕಂಬಸಾಲು ನಿಮ್ಮ ಮುಂದ ನೆಟ್ಟಗ ನಿಲ್ತೈತ್ರಿ.” ಬೇರೆ ಕಡೆಯಿಂದ ಸೊಟ್ಟ ಕಾಣುತ್ತದೆ ಎನ್ನುವುದನ್ನು ಮಾತ್ರ ಉಸುರಲಿಲ್ಲ. ಮಡಚಿದ್ದ ಬೆರಳು ಬಿಚ್ಚಿಕೊಂಡಿತು.

ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು ಹೇಳುತ್ತೇನೆ. ಎಷ್ಟಾದರೂ ಚೌಕಾಸಿ ಮಾಡಿ, ನಿಮ್ಮದಲ್ಲದ್ದನ್ನು ಮಾತ್ರ ಮಾರಬೇಡಿ. ನೋಡುವ ಜಾಗ ಭಾವನದು, ಮಾರಿದವನು ನಾನು.

ಹೊರಗೆ ಬಂದು ಹೇಳಿದಾಗ ಅವನು ಗೋಡೆಯನ್ನೇ ನೋಡುತ್ತ ನಿಂತ. “ಹಂಗಾದ್ರ ಬರೋ ಹೋಗೋ ಮಂದಿಗೆ ಏನ ಕಾಣ್ಬೇಕು?”

“ವಲ್ಲಿ ತೆಗದಾಗೈತಿ, ಭಾವ.”

ಭಾವ ಗಾದಿಯ ಮುಂದೆ ಬಿದಿರಿನ ಚೌಕಟ್ಟು ನಿಲ್ಲಿಸಿ, ಜಾಲರಿಯ ಹಾಗೆ ನೂಲು ಬಿಗಿದ. ಕಾಗದದ ಮೇಲಿನ ಮಂಟಪದ ನಕ್ಷೆಯಲ್ಲೂ ಅಷ್ಟೇ ಚೌಕದ ಮನೆಗಳು. ಒಂದು ಕಣ್ಣು ಮುಚ್ಚಿ ಗಾದಿಯ ಮೇಲಿಂದ ನೂಲಿನ ಸಂದಿಯಲ್ಲಿ ಗೋಡೆ ನೋಡುವವನು ಅವನು. ಗಳುವಿನ ತುದಿಗೆ ಇದ್ದಿಲು ಕಟ್ಟಿಕೊಂಡು ಗೋಡೆಯ ಹತ್ತಿರ ಗುರುತು ಹಾಕುವವನು ನಾನು.

“ಇನ್ನೂ ಆಚಿ... ಆಚಿ ಅಂದ್ರ ಗುಂತಕಲ್ಲಿಗೆ ಹೋಗ್ತೀಯೇನಪಾ? ಈಚಿ ಬಾ!”

ಗಾದಿಗೆ ಹತ್ತಿರದ ಕಂಬ ಗೇಣಗಲ ಬಂದರೆ ದೂರದ್ದು ಆಳು ಮಲಗುವಷ್ಟು ಅಗಲ. ಗಾದಿಯಿಂದ ನೋಡಿದರೆ ಎರಡೂ ಒಂದೇ. ಗುರುತುಗಳ ನಡುವೆ ಕೆಮ್ಮಣ್ಣು ಸವರಿದ ದಾರ ಎಳೆದು ಗೆರೆ ಹೊಡೆದ. ಕಾಡಿಗೆ, ನೀಲಿ, ಸುಣ್ಣವನ್ನು ಗೋಂದಿನಲ್ಲಿ ಕಲಸಿ ನೆರಳು ತುಂಬಿದ. ಮುಗಿದ ದಿನ ನಾನು ಗಾದಿಯ ಮೇಲೆ ಕೂತು ನೋಡಿದೆ. ಗೋಡೆ ಇರಲಿಲ್ಲ, ತಣ್ಣನೆಯ ಮಂಟಪವಿತ್ತು.

ತೋರಿಸುವ ದಿನ ಪೇಟೆಯೆಲ್ಲ ರಸ್ತೆಯಲ್ಲಿ ನೆರೆಯಿತು. ಗಾಡಿಯವನೊಬ್ಬ ಕೂಗಿದ: “ಏಮಯ್ಯಾ, ಕಂಬಗೊಳು ಸೇಂದಿ ಕುಡುದಾವೇನು? ಒಂದರ ಮ್ಯಾಗ ಒಂದು ಬೀಳಾಕ ಹತ್ಯಾವಲ್ಲ!” ನಗೆ ಹಬ್ಬಿತು. ಅಷ್ಟರಲ್ಲಿ ಎಮ್ಮಿಗನೂರಿನ ಸಾಹುಕಾರರು ಬಂದರು. ಗಾದಿಗೆ ಬರ್ರಿ ಎಂದು ನಮ್ಮ ಸಾಹುಕಾರರು ಕರೆದರೆ, “ಕಾಲೆಲ್ಲಾ ಧೂಳೈತ್ರಿ, ಇಲ್ಲಿಂದನ ನೋಡ್ತೀನಿ” ಎಂದರು. ಅತಿಥಿ ನೆಲದಲ್ಲಿ ನಿಂತಿರುವಾಗ ಗಾದಿಯ ಮೇಲೆ ಕೂರುವುದುಂಟೆ? ನಮ್ಮ ಸಾಹುಕಾರರೂ ಇಳಿದು ಬಂದರು. ಕತ್ತೆತ್ತಿ ನೋಡಿದರು. ಮುಖ ಕಪ್ಪಾಯಿತು.

“ಏನಯ್ಯಾ ಇದು?” ಎಂದು ಭಾವನ ಕಡೆ ತಿರುಗಿದರು.

ಭಾವ ನನ್ನನ್ನು ನೋಡಿದ. ‘ಗಾದಿಯಿಂದ ನೋಡ್ರಿ’ ಎಂದು ನಾನಂದರೆ ಸಾಕಿತ್ತು. ಆದರೆ ಹಾಗೆಂದಿದ್ದರೆ, ಪೇಟೆಗೆ ಶೋಭೆಯೆಂದು ಹೇಳಿ ತಾನು ಕೂರುವ ಜಾಗಕ್ಕಷ್ಟೇ ಬರೆಸಿಕೊಂಡನಲ್ಲ ಎಂದು ಮಂದಿ ಸಾಹುಕಾರರನ್ನೇ ನೋಡಿ ನಗುತ್ತಿದ್ದರು. ಹಾಗಾದರೆ ಮುಂದಿನ ಸುಗ್ಗಿಯಲ್ಲಿ ಆ ಅಂಗಡಿಯ ಮೆಟ್ಟಿಲು ನನಗೆ ಮುಚ್ಚಿದಂತೆಯೇ.

“ಈ ಸಲ ಭಾವನ ಕೈ ತಪ್ಪೈತ್ರಿ,” ಎಂದೆ.

ಎಮ್ಮಿಗನೂರಿನವರು ನೀರು ಕುಡಿದು ಗಾಡಿ ಹತ್ತಿದರು. ಥಿಯೇಟರಿನ ಮಾತು ಎತ್ತಲೇ ಇಲ್ಲ.

ಮರುದಿನ ಭಾವ ತಾನೇ ಸುಣ್ಣದ ಬಕೀಟು ತಂದು ಮಂಟಪಕ್ಕೆ ಬಳಿಯತೊಡಗಿದ. ನಾನು ಇನ್ನೊಂದು ಕುಂಚ ಹಿಡಿದುಕೊಂಡು ಹೋದೆ.

“ನೀನಾದ್ರೂ ನಿಜ ಹೇಳಬಾರ್ದಿತ್ತೇನು, ಭಾವ?”

“ನೀ ಹೇಳ್ತೀಯಂತ ನಿಂತಿದ್ನೆಪಾ,” ಎಂದವನೇ ಕುಂಚವನ್ನು ನನ್ನ ಕೈಯಿಂದ ತೆಗೆದುಕೊಂಡು ಬಕೀಟಿಗೆ ಹಾಕಿದ.

ಥಿಯೇಟರಿಗೆ ಬೇರೆ ಯಾರೋ ಬರೆದರು. ಭಾವ ಅಕ್ಕನನ್ನು ಕರೆದುಕೊಂಡು ನಾಗಲದಿನ್ನೆಗೆ ಹೋಗಿ, ಹೊಳೆದಂಡೆಯ ಹೊಲಗಳಲ್ಲಿ ಕೂಲಿಗೆ ನಿಂತ. ಆ ಸುಗ್ಗಿಯಲ್ಲಿ ಸಾಹುಕಾರರು ತಮ್ಮ ಹತ್ತಿಯೆಲ್ಲವನ್ನೂ ನನ್ನ ಕೈಯಿಂದಲೇ ಮಾರಿಸಿದರು. ನಾನು ಬೇಡವೆನ್ನಲಿಲ್ಲ.