ಕೈ ತೊಳೆಯುವ ಚಿತ್ರ

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಾವು ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಬೆಳಗಿನ ಜಾವ ಬೆಂಗಳೂರು ಬಿಟ್ಟ ಬಸ್ಸು ತಿಪಟೂರಿನ ಹತ್ತಿರ ಪಂಕ್ಚರ್ ಆಗಿ, ಕಡೂರಿನಲ್ಲಿ ಡ್ರೈವರಿನ ಊಟಕ್ಕೆ ನಿಂತು, ತರೀಕೆರೆಯಲ್ಲಿ ಯಾಕೆಂದು ಯಾರಿಗೂ ತಿಳಿಯದಂತೆ ಇನ್ನೊಮ್ಮೆ ನಿಂತು ಬಂದಿತ್ತು. ಏಪ್ರಿಲ್ ಬಿಸಿಲಿಗೆ ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟಿಕೊಂಡಿತ್ತು. ನಾನು ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದೆ. ಪಕ್ಕದಲ್ಲಿದ್ದ ಗ್ರೇಸ್ ಮಾತ್ರ ಕಿಟಕಿಯಾಚೆಯ ತೆಂಗಿನ ಮರಗಳನ್ನು ನೋಡುತ್ತ ಆರಾಮಾಗಿ ಕೂತಿದ್ದಳು.

ಗ್ರೇಸ್ ಆಫ್ರಿಕದ ಜಾಂಬಿಯಾದವಳು. ರಾಸಾಯನಿಕಗಳ ಕ್ಯಾನು, ಡ್ರಮ್ಮುಗಳ ಮೇಲೆ ಒಂದೊಂದು ದೇಶದಲ್ಲಿ ಒಂದೊಂದು ಥರದ ಅಪಾಯದ ಗುರುತು ಇರುವ ಬದಲು ಜಗತ್ತಿಗೆಲ್ಲ ಒಂದೇ ಗುರುತು ಇರಲಿ ಎಂದು ಆ ವರ್ಷಗಳಲ್ಲಿ ಹಲವು ದೇಶಗಳು ಒಪ್ಪಿಕೊಂಡಿದ್ದವು. ಕೆಂಪು ಅಂಚಿನ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ, ಅದರೊಳಗೆ ಒಂದು ಕಪ್ಪು ಚಿತ್ರ. ಚಿತ್ರ ಎಲ್ಲ ಕಡೆಗೂ ಒಂದೇ, ಕೆಳಗಿನ ಮಾತು ಆಯಾ ಭಾಷೆಯಲ್ಲಿ. ಗ್ರೇಸಳ ದೇಶದಲ್ಲಿ ಈ ಕೆಲಸ ನಮಗಿಂತ ಮೊದಲೇ ಶುರುವಾಗಿತ್ತು. ಹಾಗಾಗಿ ನಮಗೆ ನೆರವಾಗಲು ಅವಳು ಬಂದಿದ್ದಳು. ರಸಾಯನಶಾಸ್ತ್ರ ಓದಿ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿದ್ದ ನನ್ನ ಪಾಲಿಗೆ ಬಂದದ್ದು ಕನ್ನಡದ ಲೇಬಲ್ಲುಗಳು. ಅವು ಕೆಲಸಗಾರರಿಗೆ ಅರ್ಥವಾಗುತ್ತವೆಯೇ ಎಂದು ಕೇಳಿ ತಿಳಿದುಕೊಂಡು ಬರಬೇಕಿತ್ತು. ಹೇಳುವುದಕ್ಕೆ ಒಂದು ದಿನದ ಕೆಲಸ.

ನಮಗೆ ಸಭಾಂಗಣ, ಕೆಲಸಗಾರರು, ಚಹಾ ಎಲ್ಲವೂ ಸಿದ್ಧವಿರುತ್ತವೆ ಎಂದು ಅಲ್ಲಿನ ಕೈಗಾರಿಕಾ ಇಲಾಖೆಯ ಅಧಿಕಾರಿ ಫೋನಿನಲ್ಲಿ ಭರವಸೆ ಕೊಟ್ಟಿದ್ದರು. ಹೋಗಿ ನೋಡಿದರೆ ಚಹಾ ಮಾತ್ರ ಸಿದ್ಧವಿತ್ತು.

"ಹಾಲ್ ಇವತ್ತು ಸಿಗಲ್ಲ ಮೇಡಂ. ನಮ್ಮ ಸಾಹೇಬ್ರ ರಿಟೈರ್‌ಮೆಂಟ್ ಫಂಕ್ಷನ್ ಇದೆ. ಒಂದ್ ಕೆಲಸ ಮಾಡಿ, ಸ್ಟಿಕ್ಕರ್ ಇಲ್ಲೇ ಇಟ್ಟು ಹೋಗಿ. ನಾವೇ ಹಂಚಿಬಿಡ್ತೀವಿ" ಎಂದರು.

"ಹಂಚೋದಲ್ಲ ಸಾರ್, ಅರ್ಥ ಆಗುತ್ತಾ ಅಂತ ಕೇಳ್ಬೇಕು."

"ಅರ್ಥ ಆಗದೆ ಏನು? ಕನ್ನಡದಲ್ಲೇ ಇದೆಯಲ್ಲ" ಎಂದು ಲೇಬಲ್ ಕೈಗೆತ್ತಿಕೊಂಡರು. "ಸಂ... ಸಂಕ್ಷಾರಕ. ಇದೇನು ಮೇಡಂ?"

ಅದು ನಮ್ಮ ಭಾಷಾಂತರ ಸಮಿತಿಯ ಮುಖ್ಯಸ್ಥರಾದ ಶ್ರೀಧರಮೂರ್ತಿಯವರ ಪದ. ಮುಟ್ಟಿದ್ದನ್ನೆಲ್ಲ ಕೊರೆದು ಹಾಳುಮಾಡುವ ವಸ್ತುವಿಗೆ ಪದಕೋಶದಿಂದ ಹುಡುಕಿ ತೆಗೆದದ್ದು. ಅದನ್ನು ಬದಲಿಸಿ ಎಂದು ನಾನು ಕೇಳಿಕೊಂಡಾಗಲೆಲ್ಲ, ಪಾರಿಭಾಷಿಕ ಪದವನ್ನು ಬೀದಿಗೆ ಎಳೆಯಬಾರದು ಎಂದು ಬುದ್ಧಿ ಹೇಳಿದ್ದರು.

ಅಂದು ಸಂಜೆ ಕೋಟೆ ರಸ್ತೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಗ್ರೇಸ್ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ತಟ್ಟೆ ಹೇಳಿದಳು. "ನೀನು ಇಷ್ಟು ಸಿಟ್ಟು ಮಾಡಿಕೊಂಡರೆ ಈ ಕೆಲಸ ಮುಗಿಯುವ ಮೊದಲು ನೀನೇ ಮುಗಿದುಹೋಗುತ್ತೀಯ" ಎಂದಳು. ಅವಳ ಸಮಾಧಾನ ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಅಧಿಕಾರಿಯನ್ನು ಕಾಯದೆ ಮಾಚೇನಹಳ್ಳಿಗೆ ಹೋದೆವು. ಭದ್ರಾವತಿ ಕಡೆಯ ಸಿಟಿ ಬಸ್ಸು ಕೈಗಾರಿಕಾ ಪ್ರದೇಶದ ಗೇಟಿನ ಹತ್ತಿರ ಇಳಿಸಿತು. ಅಲ್ಲಿಂದ ಧೂಳಿನ ರಸ್ತೆಯಲ್ಲಿ ನಡಿಗೆ. ಮಲ್ಲೇಶಪ್ಪ ಎನ್ನುವವರ ಸಣ್ಣ ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಆ್ಯಸಿಡ್ಡಿನಲ್ಲಿ ತೊಳೆದು ಸತುವಿನ ಲೇಪ ಕೊಡುತ್ತಿದ್ದರು. ಶೆಡ್ಡಿನ ಒಳಗೆ ಕಾಲಿಟ್ಟರೆ ಮೂಗು ಉರಿಯುತ್ತಿತ್ತು.

"ಬನ್ನಿ ಬನ್ನಿ, ಏನ್ ಬೇಕಾದ್ರೂ ಅಂಟಿಸ್ಕೊಳ್ಳಿ" ಎಂದು ಮಲ್ಲೇಶಪ್ಪ ಕುರ್ಚಿ ಹಾಕಿಸಿದರು. "ಆದ್ರೆ ಆ ತಲೆಬುರುಡೆದು ಮಾತ್ರ ಬೇಡ ಮಾರಾಯ್ರೆ. ಅದ್ ನೋಡಿದ್ರೆ ನಾಳೆಯಿಂದ ಒಬ್ರೂ ಕೆಲಸಕ್ಕೆ ಬರಲ್ಲ."

ಬೋಲ್ಟು ಒರೆಸಿ ಪ್ಯಾಕ್ ಮಾಡುತ್ತಿದ್ದ ಹೆಂಗಸರು ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತರು. ಆ್ಯಸಿಡ್ ತೊಟ್ಟಿಯ ಕೆಲಸ ಗಂಡಸರದು, ಆ ಕ್ಯಾನುಗಳ ಗೊಡವೆ ಇವರಿಗೆ ಇರಲಿಲ್ಲ. ಮೊದಲು ಎರಡು ಎಚ್ಚರಿಕೆಯ ಪದ ತೋರಿಸಿದೆ. ಹೆಚ್ಚಿನ ಕೆಡುಕಿಗೆ 'ಅಪಾಯ', ಕಡಿಮೆಯದಕ್ಕೆ 'ಎಚ್ಚರಿಕೆ' ಎಂದು ನಮ್ಮ ಲೆಕ್ಕ. ಅವರದು ತಿರುಗಾಮುರುಗ.

"ಎಚ್ಚರಿಕೆ ಅಂದ್ರೇನೇ ಜಾಸ್ತಿ ಅಕ್ಕ, ಗದರಿಸಿ ಹೇಳ್ದಂಗಿದೆ" ಎಂದಳು ಸೆಲ್ವಿ. ಭದ್ರಾವತಿಯ ನ್ಯೂಟೌನಿನವಳು. ಅವಳ ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಅಲ್ಲೇ ನಿಂತವರಂತೆ. "ಅಪಾಯ ಅಂತ ಕರೆಂಟ್ ಕಂಬದ ಮೇಲೆಲ್ಲ ಬರ್ದಿರ್ತಾರೆ. ನಮ್ ಬೀದೀಲಿ ಆ ಕಂಬಕ್ಕೇ ಹಸು ಕಟ್ತಾರೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನೀರಿನ ಜೀವಿಗಳಿಗೆ ಕೇಡು ಎಂದು ಸೂಚಿಸುವ ಸತ್ತ ಮೀನಿನ ಚಿತ್ರ ತೋರಿಸಿದರೆ ಒಬ್ಬಳು ಅದು ಮೀನಿಗೆ ಹಾಕುವ ಔಷಧಿ ಎಂದಳು. ಆಮೇಲೆ, ಬಂದೊಡನೆ ನಾವು 'ಸಂಕ್ಷಾರಕ' ಲೇಬಲ್ ಅಂಟಿಸಿದ್ದ ಆ್ಯಸಿಡ್ ಕ್ಯಾನಿನ ಬಳಿ ಹೋದೆವು. ಅದರ ಚಿತ್ರದಲ್ಲಿ ಒಂದು ಕೊಳವೆಯಿಂದ ಹನಿಗಳು ಕೆಳಗಿರುವ ಕೈಯ ಮೇಲೆ ಬೀಳುತ್ತವೆ, ಕೈ ಕೊರೆದುಹೋಗುತ್ತದೆ.

"ಇದರಲ್ಲಿರೋದನ್ನ ಏನು ಮಾಡ್ಬೇಕು ಅಂತ ಈ ಚಿತ್ರ ಹೇಳುತ್ತೆ?" ಎಂದು ಕೇಳಿ, ಉತ್ತರ ಬರೆದುಕೊಳ್ಳಲು ಪೆನ್ನು ತೆಗೆಯುತ್ತಿದ್ದೆ.

"ಇದು ಗೊತ್ತು ಬಿಡಿ. ಎಣ್ಣೆ ಕೈ ತೊಳ್ಕೊಳೋ ಸೋಪು ನೀರು" ಎಂದ ಸೆಲ್ವಿ ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಮುಚ್ಚಳ ತಿರುಗಿಸಿ, ಕ್ಯಾನು ಬಗ್ಗಿಸಿ, ಎಡಗೈ ಕೆಳಗೆ ಒಡ್ಡಿದಳು. ಚಿತ್ರದಲ್ಲಿದ್ದ ಹಾಗೆಯೇ.

ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಗ್ರೇಸ್ ಮುನ್ನುಗ್ಗಿ ಸೆಲ್ವಿಯ ತೋಳು ಹಿಡಿದು ಎಳೆದಳು. ಕ್ಯಾನು ಉರುಳಿತು. ಸೆಲ್ವಿಯ ಕೈಗೆ ಒಂದು ಹನಿಯೂ ತಾಗಲಿಲ್ಲ. ಚೆಲ್ಲಿದ ಆ್ಯಸಿಡ್ಡು ಗ್ರೇಸಳ ಬಲಗಾಲಿನ ಮೇಲೆ, ಚಪ್ಪಲಿಯ ಪಟ್ಟಿಗಳ ನಡುವೆ ಸುರಿಯಿತು. ಅಷ್ಟು ಸಮಾಧಾನದ ಹೆಂಗಸು ಕಿರುಚಿದ್ದನ್ನು ಅವತ್ತು ಕೇಳಿದೆ.

"ನೀರು! ನೀರು ಬಿಡಿ!" ಎಂದು ನಲ್ಲಿಗೆ ಓಡಿದೆ. ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು.

"ಕರೆಂಟಿಲ್ಲ ಮೇಡಂ, ಮೋಟರ್ ಓಡಲ್ಲ. ಸಂಜೆಗೆ ಬರುತ್ತೆ" ಎಂದರು ಮಲ್ಲೇಶಪ್ಪ.

"ಸಂಜೆಗಾ?" ನಾನು ಕೂಗಿದ್ದು ಪಕ್ಕದ ಶೆಡ್ಡಿಗೂ ಕೇಳಿಸಿರಬೇಕು.

ಯಾರೋ ಅರಿಶಿನ ಹಚ್ಚಿ ಎಂದರು, ಇನ್ಯಾರೋ ಕೊಬ್ಬರಿ ಎಣ್ಣೆ ತಂದರು. ಎರಡನ್ನೂ ತಳ್ಳಿ ಚಪ್ಪಲಿ ಕಿತ್ತೆಸೆದೆ. ಅಷ್ಟರಲ್ಲಿ ಸೆಲ್ವಿ ಕುಡಿಯುವ ನೀರಿನ ಬಿಂದಿಗೆಯನ್ನೇ ಎತ್ತಿ ತಂದು ಗ್ರೇಸಳ ಕಾಲ ಮೇಲೆ ಸುರಿಯತೊಡಗಿದಳು. ಅದು ಮುಗಿದಾಗ ಉಳಿದ ಹೆಂಗಸರು ಪಕ್ಕದ ಶೆಡ್ಡಿನ ಸಿಮೆಂಟ್ ತೊಟ್ಟಿಯಿಂದ ಬಕೆಟ್ಟು, ಡಬ್ಬ, ಕೈಗೆ ಸಿಕ್ಕಿದ್ದರಲ್ಲಿ ನೀರು ಹೊತ್ತು ತಂದರು. ಸಾಕು ಎಂದು ಮಲ್ಲೇಶಪ್ಪ ಹೇಳಿದರೂ ನಾನು ನಿಲ್ಲಿಸಗೊಡಲಿಲ್ಲ. ಸೆಲ್ವಿ ಅಳುತ್ತ ಸುರಿಯುತ್ತಲೇ ಇದ್ದಳು. ಕೊನೆಗೆ ಮಲ್ಲೇಶಪ್ಪನವರ ವ್ಯಾನಿನಲ್ಲೇ ಶಿವಮೊಗ್ಗದ ಆಸ್ಪತ್ರೆಗೆ ಹೊರಟೆವು. ಸೆಲ್ವಿಯೂ ಹತ್ತಿದಳು, ಯಾರು ಬೇಡವೆಂದರೂ ಇಳಿಯಲಿಲ್ಲ.

ಮೇಲಿನ ಚರ್ಮ ಹೋಗಿದೆ, ಒಳಗೆ ಇಳಿದಿಲ್ಲ, ತಕ್ಷಣ ನೀರು ಹಾಕಿದ್ದರಿಂದ ಕಾಲು ಉಳಿಯಿತು ಎಂದು ಡಾಕ್ಟರು ಬ್ಯಾಂಡೇಜು ಕಟ್ಟಿದರು. ಹೊರಗಿನ ಬೆಂಚಿನಲ್ಲಿ ಸೆಲ್ವಿ ನನ್ನ ಕೈ ಹಿಡಿದುಕೊಂಡು, "ಚಿತ್ರದಲ್ಲಿ ಹಂಗೇ ಇತ್ತಲ್ಲ ಅಕ್ಕ. ನಾನೇನು ತಪ್ಪು ಮಾಡ್ದೆ?" ಎಂದು ಕೇಳಿದಳು. ನನಗೆ ಬೈಯಲು ಯಾರಾದರೂ ಬೇಕಾಗಿದ್ದರು. ಒಳಗೆ ಹೋಗಿ, ಮಲಗಿದ್ದ ಗ್ರೇಸಳ ಮೇಲೆಯೇ ಹರಿಹಾಯ್ದೆ.

"ನಿಮ್ಮ ದೇಶದಲ್ಲಿ ಈ ಚಿತ್ರಕ್ಕೆ ಏನಂದಿದ್ದರು?"

"ಸೋಪು ಅಂದಿದ್ದರು."

"ಮತ್ತೆ ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ದರೆ ನೀನು ಅವರನ್ನು ಕೇಳುತ್ತಿರಲಿಲ್ಲ, ಪಾಠ ಮಾಡುತ್ತಿದ್ದೆ" ಎಂದಳು. ಬ್ಯಾಂಡೇಜಿನ ಕಾಲನ್ನು ಸರಿಮಾಡಿಕೊಂಡು, "ಆದರೆ ಖಾಲಿ ಕ್ಯಾನು ಇಡಬೇಕಿತ್ತು. ಅದು ನಮಗಿಬ್ಬರಿಗೂ ಹೊಳೆಯಲಿಲ್ಲ" ಎಂದಳು. "ಚಿತ್ರ ಬದಲಾಗುವುದಿಲ್ಲ. ಅಷ್ಟು ದೇಶಗಳು ಸೇರಿ ಒಪ್ಪಿದ್ದು. ನಿನ್ನ ಕೈಯಲ್ಲಿ ಇರುವುದು ಅದರ ಕೆಳಗಿನ ಮಾತು ಒಂದೇ."

ಮೂರನೆಯ ದಿನ ಅವಳನ್ನು ಲಾಡ್ಜಿನಲ್ಲಿ ಮಲಗಿಸಿ ಬೆಂಗಳೂರಿನ ಟಿಕೆಟ್ಟು ನೋಡೋಣ ಎಂದುಕೊಂಡಿದ್ದೆ. ಆದರೆ ಬೆಳಿಗ್ಗೆಯೇ ಅವಳು ಬಟ್ಟೆ ತೊಟ್ಟು, ಒಂದು ಕಾಲಿಗೆ ಚಪ್ಪಲಿ ಹಾಕಿ ತಯಾರಾಗಿ ಕೂತಿದ್ದಳು. ಆಟೋ ಮಾಡಿಕೊಂಡು ಭದ್ರಾವತಿಯ ನ್ಯೂಟೌನಿಗೆ, ಸೆಲ್ವಿಯ ಬೀದಿಗೆ ಹೋದೆವು. ವಾರದ ರಜೆ. ಬೇವಿನ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದು ಹೆಂಗಸರು ಸೇರಿದರು. ಕನ್ನಡ, ತಮಿಳು, ತೆಲುಗು ಒಟ್ಟಿಗೇ ಕೇಳಿಸುತ್ತಿದ್ದವು. ಈ ಸಲ ಖಾಲಿ ಕ್ಯಾನು ಇಟ್ಟು, ಇದರ ಮೇಲೆ ಏನು ಬರೆದರೆ ನೀವು ಮುಟ್ಟುವುದಿಲ್ಲ ಎಂದು ಕೇಳಿದೆ.

"ಸುಡುತ್ತೆ ಅಂತ ಬರೀರಿ" ಎಂದಳು ಒಬ್ಬಳು. ನಾನು ಬರೆದುಕೊಂಡೆ.

"ಸುಡುತ್ತೆ ಅಂದ್ರೆ ಬಿಸಿ ಇದೆ ಅಂದ್ಕೊಳ್ತಾರೆ. ಆರಿದ ಮೇಲೆ ಮುಟ್ತಾರೆ" ಎಂದಳು ಇನ್ನೊಬ್ಬಳು. ಹೊಡೆದು ಹಾಕಿದೆ.

"ವಿಷ ಅನ್ನಿ."

"ವಿಷ ಕುಡೀಬಾರ್ದು, ಕೈ ತೊಳ್ಯಕ್ಕೇನು?"

ಹೀಗೇ ಬಿಸಿಲು ಏರುವವರೆಗೆ ಜಗಳ. ಒಬ್ಬಳು ಕುಕ್ಕರ್ ಕೂಗಿತೆಂದು ಎದ್ದುಹೋಗಿ ಬಂದು ಮೊದಲಿನಿಂದ ಶುರುಮಾಡಿದಳು. ನನ್ನ ತಲೆ ಸಿಡಿಯುತ್ತಿತ್ತು. ಗ್ರೇಸಳ ಕಾಲನ್ನೇ ನೋಡುತ್ತಿದ್ದ ಸೆಲ್ವಿ, "ಚರ್ಮ ತಿನ್ನುತ್ತೆ ಅಂತ ಬರೀರಿ. ಕೈ ತೊಳೀಬೇಡಿ ಅಂತಾನೂ ಹಾಕಿ" ಎಂದಳು. ಅದಕ್ಕೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ.

ಬೀದಿಯ ತುದಿಯ ಫೋನ್ ಬೂತಿನಿಂದ ಶ್ರೀಧರಮೂರ್ತಿಯವರಿಗೆ ಫೋನ್ ಮಾಡಿದೆ.

"ತಿನ್ನುತ್ತೆ ಅಂತ ಸರ್ಕಾರಿ ಲೇಬಲ್ ಮೇಲೆ ಬರೆಯೋಕಾಗುತ್ತೇನ್ರೀ? ಅದೇನು ನಾಯಿನಾ?" ಎಂದರು.

"ಸಾರ್, ಸಂಕ್ಷಾರಕ ಅಂತ ಬರೆದಿದ್ದ ಕ್ಯಾನು ಗ್ರೇಸಳ ಕಾಲು ತಿಂದಿದೆ. ಬೇಕಾದ್ರೆ ನೀವೇ ಬಂದು ಇವರಿಗೆ ಆ ಪದ ಅರ್ಥ ಮಾಡಿಸಿ. ನಾನು ಇಲ್ಲೇ ಕಾಯ್ತೀನಿ."

ಆ ಕಡೆ ಪದಕೋಶದ ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ, "ಎರಡನ್ನೂ ಹಾಕಿ" ಎಂದರು.

"ದೊಡ್ಡ ಅಕ್ಷರದಲ್ಲಿ ಯಾವುದು?"

"ನಿಮ್ಮದೇ ಇರಲಿ ಹೋಗ್ರೀ" ಎಂದು ಫೋನ್ ಇಟ್ಟರು. ಮುಂದೆ ಅಚ್ಚಾದ ಲೇಬಲ್ಲಿನಲ್ಲಿ ಅದು ಹಾಗೆಯೇ ಬಂತು.

ಮಧ್ಯಾಹ್ನ ಭದ್ರಾವತಿಯಿಂದಲೇ ಬೆಂಗಳೂರಿನ ಬಸ್ಸು ಹತ್ತಿದೆವು. ಸೆಲ್ವಿ ಬಸ್ ನಿಲ್ದಾಣದವರೆಗೂ ಬಂದು, ಗ್ರೇಸಳ ಗುಂಗುರು ಕೂದಲಿಗೆ ಹೇಗೋ ಮಲ್ಲಿಗೆ ಸಿಕ್ಕಿಸಿದಳು. ಬಸ್ಸು ಸೇತುವೆ ದಾಟುವಾಗ ತಿರುಗಿ ನೋಡಿದೆ. ಕೆಳಗೆ ಭದ್ರೆ ಬೇಸಿಗೆಗೆ ಸಣ್ಣಗಾಗಿ ಹರಿಯುತ್ತಿದ್ದಳು.

ತರೀಕೆರೆ ಇನ್ನೂ ದೂರವಿರುವಾಗ ನಮ್ಮ ಮುಂದೆ ಒಂದು ಟ್ಯಾಂಕರ್ ಲಾರಿ ಸಿಕ್ಕಿತು. ಡ್ರೈವರು ಅದರ ಬೆನ್ನಿಗೆ ಅಂಟಿಕೊಂಡು ಹಾರ್ನ್ ಹೊಡೆಯತೊಡಗಿದ. ಹಿಂಭಾಗದಲ್ಲಿ ಏನೋ ಬರೆದಿದೆಯಲ್ಲ, ಏನದು ಎಂದು ಗ್ರೇಸ್ ಕೇಳಿದಳು.

"ಮಾಲೀಕನ ಮಕ್ಕಳ ಹೆಸರು. ಕೆಳಗೆ ತಾಯಿಯ ಆಶೀರ್ವಾದ."

"ಒಳಗೆ ಏನಿದೆ ಅಂತ?"

"ಬರೆದಿಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ಎದ್ದು ಕಂಬಿ ಹಿಡಿದುಕೊಂಡು ಡ್ರೈವರಿನ ಹತ್ತಿರ ಹೋದೆ.

"ಅಣ್ಣ, ಆ ಟ್ಯಾಂಕರ್‌ನಿಂದ ಸ್ವಲ್ಪ ದೂರ ಇಟ್ಕೊಳ್ಳಿ."

"ಯಾಕೆ ಮೇಡಂ, ಅದರಲ್ಲೇನಿದೆ?"

"ಗೊತ್ತಿಲ್ಲ. ಅದಕ್ಕೇ ಹೇಳ್ತಿರೋದು."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಕಂಡಕ್ಟರಿಗೆ ಕಣ್ಣು ಮಿಟುಕಿಸಿ ನಕ್ಕ. ಆದರೂ ಹಾರ್ನ್ ನಿಲ್ಲಿಸಿ ವೇಗ ತಗ್ಗಿಸಿದ. ಟ್ಯಾಂಕರು ಧೂಳೆಬ್ಬಿಸುತ್ತ ನಿಧಾನವಾಗಿ ನಮ್ಮಿಂದ ದೂರವಾಯಿತು.