ಬರ್ಟ್‌ಲನ ಬಿಯರ್ ಕ್ರೇಟು

ಆಸ್ಟ್ರಿಯಾದ ಸಾಂಕ್ಟ್ ಗಂಗೋಲ್ಫ್ ಎಂಬ ಹಳ್ಳಿಯ ಫುಟ್‌ಬಾಲ್ ತಂಡದಲ್ಲಿ ಒಂದು ರೂಢಿಯುಂಟು. ಯಾರ ಫೋಟೋ ಪೇಪರಿನಲ್ಲಿ ಬರುತ್ತದೋ ಅವನು ಮುಂದಿನ ಅಭ್ಯಾಸದ ದಿನ ಒಂದು ಕ್ರೇಟು ಬಿಯರ್ ಹೊತ್ತು ತರಬೇಕು. ಗೋಲು ಹೊಡೆಯುವ ಎರ್ವಿನ್ ತಂದು ತಂದು ಸುಸ್ತಾಗಿದ್ದ. ಮಿಡ್‌ಫೀಲ್ಡಿನ ಬರ್ಟ್‌ಲ್ ಮಾತ್ರ ಒಮ್ಮೆಯೂ ತಂದವನಲ್ಲ.

ಬರ್ಟ್‌ಲ್ ಏನು ಅಂತಿಂಥ ಆಟಗಾರನಲ್ಲ. ಹರೆಯದಲ್ಲಿ ಲಿಂಜ್ ನಗರದ ಎರಡನೇ ಡಿವಿಷನ್ ತಂಡಕ್ಕೆ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಮರಳಿ, ಹಗಲು ಮರದ ಮಿಲ್ಲು, ಸಂಜೆ ಮೈದಾನ ಎಂದು ಬದುಕಿದವನು. ಎರ್ವಿನ್ ಹೊಡೆದ ಗೋಲುಗಳಲ್ಲಿ ಅರ್ಧಕ್ಕರ್ಧ ಅವನು ಕೊಟ್ಟ ಪಾಸಿನವೇ. ಆದರೆ ಪೇಪರಿನ ಫೋಟೋದವನ ಕಣ್ಣು ಚೆಂಡಿನ ಮೇಲೆ. ಅಷ್ಟು ಹೊತ್ತಿಗೆ ಚೆಂಡು ಬರ್ಟ್‌ಲನನ್ನು ಬಿಟ್ಟು ಹೋಗಿರುತ್ತಿತ್ತು.

"ಜಿಪುಣ ಕಣೋ ನೀನು. ಕ್ರೇಟ್ ತರಬೇಕಾಗುತ್ತೆ ಅಂತಾನೇ ಗೋಲ್ ಹೊಡಿಯಲ್ಲ," ಎಂದು ಎರ್ವಿನ್ ರೇಗಿಸುತ್ತಿದ್ದ. ಬರ್ಟ್‌ಲ್ ನಕ್ಕು ಬಿಡುತ್ತಿದ್ದ. ಒಮ್ಮೆಯಾದರೂ ಆ ಕ್ರೇಟು ಹೊರಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ಬಲ್ಲವಳು ಹೆಂಡತಿ ರೋಸ್ವಿತಾ ಒಬ್ಬಳೇ. ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಮೂಟೆಯ ಪಕ್ಕ, ಅವನು ಎಂದೋ ತಂದಿಟ್ಟ ಕ್ರೇಟು ಧೂಳು ತಿನ್ನುತ್ತಿತ್ತು.

"ಕುಡಿಯೋಕೂ ಬಿಡಲ್ಲ, ಬಿಸಾಕೋಕೂ ಬಿಡಲ್ಲ," ಎಂದು ಗೊಣಗುತ್ತಲೇ ಅವಳು ಅದರ ಸುತ್ತ ಗುಡಿಸುತ್ತಿದ್ದಳು.

ಬರ್ಟ್‌ಲನ ಕೊನೆಯ ಪಂದ್ಯ ಬಂತು. ಗೆಲುವು ಖಾತ್ರಿಯಾಗಿತ್ತು, ಆಟ ಮುಗಿಯುವ ಹೊತ್ತಿಗೆ ಪೆನಾಲ್ಟಿಯೂ ಸಿಕ್ಕಿತು. ಎರ್ವಿನ್ ಚೆಂಡನ್ನು ಅವನ ಕೈಗಿಟ್ಟ.

"ಹೊಡಿ ಗುರು. ನಿನ್ ಬಿಯರ್ ಕುಡೀದೆ ನಾನು ಸಾಯಲ್ಲ."

ಫೋಟೋದವನೂ ಗೋಲಿನ ಹಿಂದೆ ಮೊಣಕಾಲೂರಿ ಕಾದ. ಬರ್ಟ್‌ಲ್ ಓಡಿ ಬಂದ, ತಲೆಯೆತ್ತಿದ. ಎರ್ವಿನ್ ಒಂದು ಬದಿಯಲ್ಲಿ ಒಂಟಿಯಾಗಿ ನಿಂತಿರುವುದು ಕಣ್ಣಿಗೆ ಬಿತ್ತು. ಜನ್ಮಕ್ಕಂಟಿದ ಚಾಳಿ ಬಿಟ್ಟೀತೆ? ನೇರ ಗೋಲಿಗೇ ಹೊಡೆಯಬೇಕಾದ ಚೆಂಡನ್ನು ಅವನ ಮುಂದಕ್ಕೆ ಪಾಸ್ ಮಾಡಿಯೇಬಿಟ್ಟ. ಎರ್ವಿನ್ ಗಾಬರಿಯಲ್ಲಿ ಒದ್ದದ್ದು ಆಚೆಯ ಜೋಳದ ಹೊಲಕ್ಕೆ ಹೋಗಿ ಬಿತ್ತು. ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬರ್ಟ್‌ಲ್ ಮಾತ್ರ ತಲೆಯ ಮೇಲೆ ಕೈಹೊತ್ತು ನಿಂತ. ಇದ್ದೊಂದು ಅವಕಾಶವೂ ಕೈತಪ್ಪಿತೆಂದು ಅವನಿಗೆ ಅಳುವೇ ಬಂದಿತ್ತು.

ಮರುದಿನದ ಪೇಪರಿನಲ್ಲಿ ಅರ್ಧ ಪುಟದ ಫೋಟೋ: ತಲೆಯ ಮೇಲೆ ಕೈಹೊತ್ತ ಬರ್ಟ್‌ಲ್. ಕೆಳಗೆ, 'ಪೆನಾಲ್ಟಿಯನ್ನೂ ಪಾಸ್ ಮಾಡಿದ ಪುಣ್ಯಾತ್ಮ'.

ಅಭ್ಯಾಸದ ಸಂಜೆ ಅವನು ಆ ಹಳೇ ಕ್ರೇಟನ್ನು ಎದೆಗೊತ್ತಿ ಹಿಡಿದು ಡ್ರೆಸ್ಸಿಂಗ್ ರೂಮಿಗೆ ಕಾಲಿಟ್ಟ. ಯಾರೂ ರೇಗಿಸಲಿಲ್ಲ, ಎಲ್ಲರೂ ಎದ್ದು ನಿಂತರು. ಎರ್ವಿನ್ ಮೊದಲ ಬಾಟಲಿ ಎತ್ತಿಕೊಂಡು ಅದರ ಚೀಟಿ ನೋಡಿದ. ಬಿಯರಿನ ಅವಧಿ ಮುಗಿದು ವರ್ಷಗಳೇ ಆಗಿದ್ದವು. ಉಗುರಿನಿಂದ ಚೀಟಿಯನ್ನು ಕೆರೆದು ತೆಗೆದ, ಮುಖ ಕಿವುಚದೆ ಪೂರ್ತಿ ಕುಡಿದ.

"ಇನ್ನೊಂದು ಕೊಡೋ, ಬರ್ಟ್‌ಲ್," ಎಂದ.