ಶೆಡ್ಡಿನ ಬಾಗಿಲ ಕೂಗು

ತೊಂಬತ್ತರ ದಶಕದಲ್ಲಿ, ಒಣಗಿದ ಕಬ್ಬಿನ ಸೋಗೆಯಿಂದ ಗ್ಯಾಸು ತೆಗೆದು ಕರೆಂಟು ಮಾಡಲು ಹೊರಟಿದ್ದ ಪಾಂಡವಪುರದ ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ನಮಗೊಬ್ಬರು ಮೇಸ್ತ್ರಿ ಇದ್ದರು. ಶೆಡ್ಡಿನ ಬಾಗಿಲಲ್ಲಿ ನಿಂತು ಗಳಿಗೆಗೊಮ್ಮೆ "ಇದ್ದೀರೇನ್ರಲಾ?" ಎಂದು ಕೂಗುವರು. ಒಳಗಿರುವ ನಾವೆಲ್ಲ "ಇವ್ನಿ ಕಣಣ್ಣೋ" ಎನ್ನಬೇಕು. ಒಂದು ದನಿ ತಡವಾದರೂ ಟವೆಲ್ಲಿನ ತುದಿ ಕಚ್ಚಿಕೊಂಡು ಒಳಕ್ಕೆ ನುಗ್ಗುವರು.

"ಈ ಗ್ಯಾಸ್ಗೆ ವಾಸ್ನೆ ಇಲ್ಲ ಕಣ್ರಲಾ. ನಿದ್ದೆ ಬಂದಂಗೆ ಬಂದು ಎತ್ಕೊಂಡೋಯ್ತದೆ" ಎನ್ನುವರು.

ಒಂದು ಮಧ್ಯಾಹ್ನ ನಾವು ಹೊಂಗೆಮರದಡಿ ಊಟಕ್ಕೆ ಕೂತಾಗ ಅವರೊಬ್ಬರೇ ಒಳಗಿದ್ದರು. ಅವರನ್ನು ಕೂಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುದ್ದೆ ಆರಿದರೂ ಬಾರದಿದ್ದಾಗ ಓಡಿದೆವು. ಪೈಪಿನ ಬುಡದಲ್ಲಿ ಬಿದ್ದಿದ್ದರು. ಹೊರಗೆಳೆದು ಗಾಳಿ ಬೀಸಿದೆವು.

ಕೊನೆಗೂ ಕಣ್ಣು ತೆರೆದು, "ಎಲ್ರೂ ಇದ್ದೀರೇನ್ರಲಾ?" ಎಂದರು. ಯಾರಿಂದಲೂ ಉತ್ತರ ಹೊರಡಲಿಲ್ಲ. ಅವರು ಶೆಡ್ಡಿನ ಕಡೆ ನೋಡುತ್ತಾ, ಕೈಯೂರಿ ಏಳತೊಡಗಿದರು.